ಸೆಂಗ್‌ಹೆನಿದ್ ಗಣಿಯಲ್ಲಿ ಸತ್ತವರ ಪಟ್ಟಿ: ಹೆಸರು ಬಿಟ್ಟು ಬಾಗಿಲು ಹಿಡಿದೆ

ವೇಲ್ಸ್‌ನ ಒಂದು ಕಲ್ಲಿದ್ದಲು ಗಣಿಯಲ್ಲಿ ಒಬ್ಬೊಬ್ಬರಾಗಿ ಸತ್ತ ಕಾರ್ಮಿಕರ ಪಟ್ಟಿ ಕೊನೆಗೂ ಹೆಚ್ಚುಕಡಿಮೆ ಸರಿಹೋಯಿತು. ನಾಲ್ಕು ವರ್ಷ, ಸುಮಾರು 600 ಪೌಂಡ್, ಎರಡು ಶೂ ಡಬ್ಬದ ತುಂಬ ಚೀಟಿ. "ಇದು ಆಗೋ ಕೆಲಸ ಅಲ್ಲ" ಅಂದವರೇ ಈಗ ಚೀಟಿ ಹೇಗೆ ಬರೆದೆ ಅಂತ ಕೇಳುತ್ತಿದ್ದಾರೆ. ವಂಶಾವಳಿ ಹುಡುಕುವವರಿಗೆ, ಊರಿನ ಇತಿಹಾಸ ಬರೆಯುವವರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ. ಜನಗಣತಿ, ಹೂಳಿದವರ ರಿಜಿಸ್ಟರ್, ಓಸಿಆರ್ (ಹಳೇ ಪುಟದ ಚಿತ್ರವನ್ನು ಕಂಪ್ಯೂಟರ್ ಓದಿ ಅಕ್ಷರ ಮಾಡುವುದು) ಇವೆಲ್ಲವನ್ನೂ ಬಳಸಿದ್ದೇನೆ.

ಸೌತ್ ವೇಲ್ಸ್‌ನ ಸೆಂಗ್‌ಹೆನಿದ್ ಊರು ಅಂದರೆ ಎಲ್ಲರಿಗೂ ನೆನಪಾಗುವುದು ಎರಡು ದಿನ. 1901ರ ಮೇ 24ರಂದು ಸ್ಫೋಟ ಆಗಿ 81 ಜನ ಹೋದರು. 1913ರ ಅಕ್ಟೋಬರ್ 14ರ ಬೆಳಿಗ್ಗೆ ಎಂಟರ ಸುಮಾರಿಗೆ ಮತ್ತೆ ಸ್ಫೋಟ ಆಯಿತು. 439 ಕಾರ್ಮಿಕರು, ಅವರನ್ನು ಉಳಿಸಲು ಇಳಿದವನೊಬ್ಬ, ಒಟ್ಟು 440. ಬ್ರಿಟನ್ನಿನ ಗಣಿಗಳಲ್ಲಿ ಇದಕ್ಕಿಂತ ದೊಡ್ಡ ದುರಂತ ಆಗಿಲ್ಲ. ಇವರೆಲ್ಲರ ಹೆಸರು ಸ್ಮಾರಕದಲ್ಲಿದೆ. ನಾನು ಹುಡುಕಿದ್ದು ಬೇರೆಯವರನ್ನು. ಆ ಊರಿನ ಗಣಿ, ಯೂನಿವರ್ಸಲ್ ಅಂತ ಹೆಸರು, ಅದನ್ನು ತೋಡಲು ಶುರು ಮಾಡಿದ್ದು 1891ರಲ್ಲಿ, ಕಲ್ಲಿದ್ದಲು ಬಂದದ್ದು 1896ರಲ್ಲಿ, ಮುಚ್ಚಿದ್ದು 1928ರಲ್ಲಿ. ಉಳಿದ ಸಾವಿರಾರು ದಿನಗಳಲ್ಲಿ ಒಬ್ಬೊಬ್ಬರಾಗಿ ಸತ್ತವರು ಯಾರು?

ನಮ್ಮ ತಾತ ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ ಕೆಲಸಕ್ಕಿದ್ದರು. "ಏರ್ ಬ್ಲಾಸ್ಟ್ ಆದ್ರೆ ಪೇಪರ್‌ನಲ್ಲಿ ಬರುತ್ತೆ ಕಣೋ. ಒಬ್ಬನ ಮೇಲೆ ಕಲ್ಲು ಬಿದ್ರೆ ಅವನ ಮನೆಯವರಿಗಷ್ಟೇ ಗೊತ್ತು" ಅನ್ನುತ್ತಿದ್ದರು. ಕೆಲಸದ ಮೇಲೆ ಕಾರ್ಡಿಫ್‌ಗೆ ಬಂದವನು ಒಂದು ಭಾನುವಾರ ಆ ಸ್ಮಾರಕದ ಗೋಡೆ ಮುಂದೆ ನಿಂತಾಗ ಆ ಮಾತು ಕಿವಿಯಲ್ಲಿ ಕೇಳಿದ ಹಾಗಾಯಿತು.

ಮೊದಲ ವರ್ಷ ಎಲ್ಲರ ಹಾಗೆ ಹೆಸರು ಹಿಡಿದು ಹೊರಟೆ. ಅಲ್ಲೇ ಮುಗ್ಗರಿಸಿದ್ದು. ವೇಲ್ಸ್ ಕಣಿವೆಯಲ್ಲಿ ಯಾವ ಬೀದಿಗೆ ಹೋದರೂ ಜೋನ್ಸ್, ಡೇವಿಸ್, ವಿಲಿಯಮ್ಸ್, ಎವನ್ಸ್, ಥಾಮಸ್. ಮೊದಲ ಹೆಸರೂ ಅವೇ ಐದಾರು: ಜಾನ್, ವಿಲಿಯಂ, ಡೇವಿಡ್, ಥಾಮಸ್, ಎವನ್. ಮರಣ ಪ್ರಮಾಣಪತ್ರ ತರಿಸಿದರೆ ತಿಳಿಯುತ್ತದೆ ಅಂದುಕೊಂಡೆ. ಆಗ ಒಂದಕ್ಕೆ 11 ಪೌಂಡ್. ಹದಿನಾಲ್ಕು ತರಿಸಿದೆ, ಒಂಬತ್ತು ಬೇರೆ ಯಾರದ್ದೋ. ಒಬ್ಬ ಟೈಫಾಯ್ಡ್‌ನಲ್ಲಿ ಸತ್ತವನು, ಇನ್ನೊಬ್ಬ ಎರಡು ತಿಂಗಳ ಮಗು. ಸುಮಾರು 150 ಪೌಂಡ್ ಹೋಯಿತು.

ದುಡ್ಡಿನ ಮಾತು ಬಂತು, ಇದೊಂದು ಹೇಳಿಬಿಡುತ್ತೇನೆ. 1911ರ ಗಣಿ ಕಾಯಿದೆ ಪ್ರಕಾರ ದೊಡ್ಡ ಫ್ಯಾನಿನ ಗಾಳಿಯನ್ನು ಹಿಂದುಮುಂದು ತಿರುಗಿಸುವ ಏರ್ಪಾಡು ಇರಬೇಕಿತ್ತು. ಯೂನಿವರ್ಸಲ್‌ನಲ್ಲಿ ಅದು ಆಗಿರಲಿಲ್ಲ. 1913ರ ನಂತರ ಕೇಸು ನಡೆದು ಮ್ಯಾನೇಜರ್‌ಗೆ ಬಿದ್ದ ದಂಡ 24 ಪೌಂಡ್. ಕಂಪನಿಗೆ ಬಿದ್ದದ್ದು 10 ಪೌಂಡ್. ಸತ್ತವರ ತಲೆಗೆ ಒಂದು ಶಿಲಿಂಗ್ ಚಿಲ್ಲರೆ (ಪೌಂಡಿಗೆ ಇಪ್ಪತ್ತು ಶಿಲಿಂಗ್) ಅಂತ ಆಗಲೇ ಲೆಕ್ಕ ಹಾಕಿ ಪತ್ರಿಕೆಯಲ್ಲಿ ಬರೆದರು. ಪ್ರತಿ ಸಲ ಇದನ್ನು ಓದಿದಾಗಲೂ ಹೊಟ್ಟೆ ಉರಿಯುತ್ತದೆ.

ಪ್ರಮಾಣಪತ್ರ ಬಿಟ್ಟು ಎರಡು ಮೂಲ ಹಿಡಿದೆ. ಒಂದು, ಗಣಿ ಇನ್ಸ್‌ಪೆಕ್ಟರ್‌ಗಳ ವಾರ್ಷಿಕ ವರದಿ. ಅದರಲ್ಲಿ ತಾರೀಕು, ಗಣಿ, ಹೆಸರು, ಕೆಲಸ, ವಯಸ್ಸು, ಹೇಗೆ ಸತ್ತರು ಎಲ್ಲ ಒಂದೊಂದು ಸಾಲಿನಲ್ಲಿದೆ. ಇನ್ನೊಂದು, ನ್ಯಾಷನಲ್ ಲೈಬ್ರರಿ ಆಫ್ ವೇಲ್ಸ್ ಪುಕ್ಕಟೆ ಕೊಟ್ಟಿರುವ ಹಳೇ ಪತ್ರಿಕೆಗಳು. 1919ರವರೆಗೆ ಸಿಗುತ್ತವೆ. ಊರಿನ ಹೆಸರು ಹಾಕಿ ಹುಡುಕಿದರೆ ಅರ್ಧ ತಪ್ಪಿಹೋಗುತ್ತದೆ, ಯಾಕೆಂದರೆ ಓಸಿಆರ್ ಆ ಹೆಸರಿನ ನಡುವಿನ ಅಕ್ಷರಗಳನ್ನು ಬಾಯಿಗೆ ಬಂದ ಹಾಗೆ ಓದಿರುತ್ತದೆ. ನಾನು ಹನ್ನೊಂದು ತಪ್ಪು ಸ್ಪೆಲಿಂಗ್ ಹಾಕಿ ಹುಡುಕುತ್ತೇನೆ.

ಎರಡನೇ ವರ್ಷ ಒಂದು ದೊಡ್ಡ ತಪ್ಪು ಮಾಡಿದೆ. ಸುದ್ದಿಗಳಲ್ಲಿ "ಜರ್ನಿಗೆ ಸಿಕ್ಕಿ ಸತ್ತ" ಅಂತ ಪದೇಪದೇ ಬರುತ್ತಿತ್ತು. ಪ್ರಯಾಣದಲ್ಲಿ ಸತ್ತವರು, ರೈಲು ಅಪಘಾತ ಇರಬೇಕು ಅಂತ ಪಕ್ಕಕ್ಕಿಟ್ಟೆ. ಮೂವತ್ತು ನಲವತ್ತು ಚೀಟಿ ಹಾಗೇ ಬಿಟ್ಟಿದ್ದೆ. ಬಿಗ್ ಪಿಟ್‌ನಲ್ಲಿ, ಅದೇ ಬ್ಲೈನಾವನ್‌ನ ಗಣಿ ಮ್ಯೂಸಿಯಂನಲ್ಲಿ, ಹಿಂದೆ ಗಣಿಯಲ್ಲಿ ದುಡಿದ ಗೈಡ್ ಒಬ್ಬರು ಬಿಡಿಸಿ ಹೇಳಿದರು. ಸೌತ್ ವೇಲ್ಸ್‌ನಲ್ಲಿ ಕಲ್ಲಿದ್ದಲ ಗಾಡಿ ಅಂದರೆ ಡ್ರಾಮ್. ಹತ್ತಾರು ಡ್ರಾಮ್ ಕೊಂಡಿ ಹಾಕಿ ಎಳೆಯುವ ಸಾಲೇ ಜರ್ನಿ. ಹಗ್ಗ ಕಿತ್ತು ಇಳಿಜಾರಿನಲ್ಲಿ ಅದು ಓಡಿ ಬಂದರೆ ದಾರಿಯಲ್ಲಿರುವವರಿಗೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಗಣಿಯೊಳಗಿನ ಬಾಗಿಲು ಕಾಯುವ ಹುಡುಗರು, ಕುದುರೆ ಗಾಡಿ ಹೊಡೆಯುವ ಹದಿಹರೆಯದವರು ಸತ್ತದ್ದು ಹೀಗೆ. "ಫೈರ್‌ಮನ್" ಅನ್ನುವುದೂ ಹಾಗೇ. ಬೆಂಕಿ ಆರಿಸುವವನಲ್ಲ, ಕೆಲಸ ಶುರುವಾಗುವ ಮೊದಲು ದೀಪ ಹಿಡಿದು ಗ್ಯಾಸ್ ಇದೆಯಾ ಅಂತ ನೋಡುವ ಮೇಲ್ವಿಚಾರಕ. ಎಲ್ಲ ಚೀಟಿ ವಾಪಸ್ ತೆಗೆದು ಮೊದಲಿಂದ ಕೂತೆ.

ಈಗ ಚೀಟಿಯ ವಿಷಯ. ಗೆಳೆಯನೊಬ್ಬ ಸಾಫ್ಟ್‌ವೇರ್‌ನವನು, "ಸುಮ್ನೆ ಯಾಕೋ ಕಷ್ಟ, ಸೌಂಡೆಕ್ಸ್ ಹಾಕು" ಅಂದ. ಹಾಕಿದೆ. ಒಂದೇ ಥರ ಕೇಳುವ ಹೆಸರುಗಳಿಗೆ ಒಂದೇ ಕೋಡ್ ಕೊಡುವ ಪದ್ಧತಿ ಅದು. ಅದರಲ್ಲಿ ಜೋನ್ಸ್‌ಗೂ ಜೇಮ್ಸ್‌ಗೂ ಒಂದೇ ಕೋಡ್, ಜೆ520. ವೇಲ್ಸ್‌ನಲ್ಲಿ ಈ ಎರಡನ್ನು ಒಂದೇ ಮಾಡಿದರೆ ಮುಗಿಯಿತು ಕಥೆ. ಆಗ ಹೊಳೆದದ್ದು ಕನ್ನಡ. ಡೇವಿಸ್‌ಗೆ ಅಲ್ಲಿ ಎರಡು ಸ್ಪೆಲಿಂಗ್, ರೀಸ್‌ಗೂ ಎರಡು. ಕನ್ನಡದಲ್ಲಿ ಕೇಳಿದ ಹಾಗೆ ಬರೆದರೆ ಡೇವಿಸ್ ಡೇವಿಸೇ, ರೀಸ್ ರೀಸೇ. ಜೋನ್ಸ್ ಮತ್ತು ಜೇಮ್ಸ್ ಬೇರೆ ಬೇರೆಯಾಗಿಯೇ ಉಳಿಯುತ್ತವೆ. ಆದರೆ ಒಬ್ಬನೇ ಮನುಷ್ಯ ಒಂದು ಕಡೆ ಎವನ್, ಇನ್ನೊಂದು ಕಡೆ ಎವನ್ಸ್ ಆಗಿರುತ್ತಿದ್ದ, ಓವನ್ ಮತ್ತು ಓವನ್ಸ್ ಕೂಡ ಹಾಗೇ. ಅದಕ್ಕೆ ಕೊನೆಯ "ಸ್" ತೆಗೆದುಬಿಟ್ಟೆ. ಜೋನ್ಸ್‌ಗೆ ಮಾತ್ರ ತೆಗೆಯಲಿಲ್ಲ. ವಯಸ್ಸು ಎರಡು ಕಡೆ ಎರಡು ಥರ ಇದ್ದಾಗ ಯಾವುದನ್ನು ನಂಬಬೇಕು ಅನ್ನುವುದಕ್ಕೆ ನನ್ನದೇ ಒಂದು ನಿಯಮ ಇದೆ. ಅದನ್ನು ಇಲ್ಲಿ ಬಿಡಿಸುವುದಿಲ್ಲ, ತುಂಬಾ ಕಷ್ಟಪಟ್ಟು ಕಂಡುಕೊಂಡದ್ದು.

ಇಷ್ಟಾದರೂ ಮುಖ್ಯ ಬೀಗ ತೆರೆದದ್ದು ಹೆಸರಿನಿಂದಲ್ಲ, ಮನೆಯಿಂದ. ಚೀಟಿಯ ಮೇಲೆ ಎಡಕ್ಕೆ ಮೊದಲು ಬೀದಿ ಮತ್ತು ಮನೆ ನಂಬರ್. ಕಮರ್ಷಿಯಲ್ ಸ್ಟ್ರೀಟ್, ಹೈ ಸ್ಟ್ರೀಟ್, ಹೀಗೆ. ಅದರ ಕೆಳಗೆ ಕನ್ನಡದಲ್ಲಿ ಹೆಸರು. ಬಲಕ್ಕೆ ವಯಸ್ಸು. ಅಡಿಯಲ್ಲಿ ಕೆಂಪು ಶಾಯಿಯಲ್ಲಿ ಸಾವಿನ ಕಾರಣ, ಒಂದೇ ಪದ: ಛಾವಣಿ (ಮೇಲಿನ ಕಲ್ಲು ಕುಸಿದದ್ದು), ಡ್ರಾಮ್, ಶಾಫ್ಟ್ (ಗಣಿಗೆ ಇಳಿಯುವ ಬಾವಿ), ಗ್ಯಾಸ್. ಡಬ್ಬದಲ್ಲಿ ಜೋಡಿಸಿದ್ದು ಬೀದಿ ಪ್ರಕಾರ, ಅಕ್ಷರ ಪ್ರಕಾರ ಅಲ್ಲ. ಒಂದೇ ಊರಿನಲ್ಲಿ ನಾಲ್ಕು ಜನ ಜಾನ್ ಡೇವಿಸ್ ಇರಬಹುದು. ಒಂದೇ ಬಾಗಿಲಲ್ಲಿ ಒಂದೇ ವಯಸ್ಸಿನ ಇಬ್ಬರು ಇರುವುದು ಅಪರೂಪ ಅಲ್ವಾ? 1911ರ ಜನಗಣತಿಯ ಹಾಳೆಯನ್ನು ಮನೆಯವರೇ ತುಂಬಿದ್ದು. ಹೆಂಡತಿಯ ಹೆಸರು, ಹುಟ್ಟಿದ ಮಕ್ಕಳೆಷ್ಟು, ಸತ್ತವರೆಷ್ಟು ಎಲ್ಲ ಅದರಲ್ಲಿದೆ. ಎಷ್ಟೋ ಸಲ ಗಂಡನನ್ನು ಗುರುತಿಸಿ ಕೊಟ್ಟದ್ದು ಹೆಂಡತಿಯ ಹೆಸರು.

ಇಲ್ಲಿನ ಹಿರಿಯ ಸಂಶೋಧಕರೊಬ್ಬರಿಗೆ ತೋರಿಸಿದೆ. ಬೇರೆ ಲಿಪಿಯಲ್ಲಿ ಬರೆದ ಚೀಟಿಯನ್ನು ಯಾರು ನಂಬುತ್ತಾರೆ ಅಂದರು. ಹಾಗಾದರೆ ಪರೀಕ್ಷೆ ಮಾಡೋಣ ಅಂದೆ. 1913ರ ಸ್ಫೋಟದ ಮೊದಲ ವಾರ ಪತ್ರಿಕೆಗಳು ಅವಸರದಲ್ಲಿ ಹಾಕಿದ ಹೆಸರುಗಳನ್ನು ತೆಗೆದುಕೊಂಡೆ. ತಪ್ಪು ಸ್ಪೆಲಿಂಗ್, ತಪ್ಪು ವಯಸ್ಸು, ಒಬ್ಬನೇ ಎರಡು ಸಲ, ಎಲ್ಲ ಇರುವ ಪಟ್ಟಿ. ಅವುಗಳನ್ನು ನನ್ನ ಚೀಟಿಗಳಲ್ಲಿ ಹಾಕಿ, ಸ್ಮಾರಕದ ಪಟ್ಟಿ ಮುಟ್ಟದೆ ಜೋಡಿಸಿದೆ. ಆರು ವಾರ ಹಿಡಿಯಿತು. ಕೊನೆಗೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ತಾಳೆಯಾಗದೆ ಉಳಿದದ್ದು ಹನ್ನೊಂದೋ ಹನ್ನೆರಡೋ. ಆ ಹಿರಿಯರು ಎದ್ದು ಬಂದು ಕೈ ಕುಲುಕಿದರು. ಆವತ್ತಿನ ಖುಷಿ ಹೇಳಲಾರೆ.

ನಡುವೆ ಇನ್ನೆರಡು ಪ್ರಯತ್ನ ಮಾಡಿದೆ. ಅಬರ್‌ಡೇರ್‌ನಿಂದ ಬರುತ್ತಿದ್ದ ವೆಲ್ಷ್ ಭಾಷೆಯ ಕಾರ್ಮಿಕ ಪತ್ರಿಕೆ "ತಾರ್ಯಾನ್ ಅ ಗ್ವೈಥ್ಯುರ್" ಹಿಡಿದೆ. ಕಾರ್ಮಿಕನ ಗುರಾಣಿ ಅಂತ ಅರ್ಥ. ನನಗೆ ವೆಲ್ಷ್ ಬರುವುದಿಲ್ಲ. "ದಮ್ವೈನ್" ಅಂದರೆ ಅಪಘಾತ, "ಅಂಗೈಯೊಲ್" ಅಂದರೆ ಸಾವು ತಂದದ್ದು, "ಕ್ವಿಂಪ್" ಅಂದರೆ ಕುಸಿತ, ಇಂಥ ಹತ್ತು ಹನ್ನೆರಡು ಪದ ಕಲಿತೆ. ಅಷ್ಟಕ್ಕೇ ಇಂಗ್ಲಿಷ್ ಪತ್ರಿಕೆಗಳು ಬಿಟ್ಟ ಕೆಲವರು ಸಿಕ್ಕರು. ಇನ್ನೊಂದು, 1894ರ ಜೂನ್ 23ರಂದು 290 ಜನ ಸತ್ತ ಕಿಲ್ವನಿದ್‌ನ ಆಲ್ಬಿಯನ್ ಗಣಿಗೂ ಇದೇ ದಾರಿ ಹಿಡಿದು ನೋಡಿದೆ. ಅಲ್ಲಿ ಆಗಲಿಲ್ಲ. 1911ರ ಜನಗಣತಿ ಅಷ್ಟು ಹಿಂದಕ್ಕೆ ಕೆಲಸಕ್ಕೆ ಬರುವುದಿಲ್ಲ. ಜೊತೆಗೆ ಲಾಡ್ಜರ್‌ಗಳು ಜಾಸ್ತಿ. ಒಂದು ಮನೆಯಲ್ಲಿ ಬಾಡಿಗೆಗಿದ್ದ ನಾಲ್ಕೈದು ಹುಡುಗರು, ಎಲ್ಲೆಲ್ಲಿಂದಲೋ ಬಂದವರು. ಬಾಗಿಲು ಒಂದೇ ಆದರೆ ನನ್ನ ವಿಧಾನಕ್ಕೆ ಕಣ್ಣು ಕಟ್ಟುತ್ತದೆ.

ಸೆಂಗ್‌ಹೆನಿದ್‌ನಲ್ಲೂ ಆ ತೊಡಕು ಇದೆ. ಒಟ್ಟು ಎಷ್ಟು ಹೆಸರು ಸಿಕ್ಕಿತು ಅನ್ನುವುದನ್ನು ಈಗಲೇ ಹೇಳುವುದಿಲ್ಲ. ಇನ್ನೊಬ್ಬರು ಕೂತು ಪರಿಶೀಲಿಸುತ್ತಿದ್ದಾರೆ. ಇಷ್ಟು ಮಾತ್ರ ಹೇಳಬಲ್ಲೆ: ಕೆಂಪು ಶಾಯಿಯಲ್ಲಿ "ಛಾವಣಿ" ಅಂತ ಬರೆದ ಚೀಟಿಗಳೇ ಡಬ್ಬದಲ್ಲಿ ದಪ್ಪ ಕಟ್ಟು. ಆಮೇಲೆ "ಡ್ರಾಮ್". ಧೂಳು ಕುಡಿದು ಮನೆಯಲ್ಲಿ ಕೆಮ್ಮಿ ಕೆಮ್ಮಿ ಸತ್ತವರು ಇದರಲ್ಲಿ ಇಲ್ಲ. ಕಲ್ಲಿದ್ದಲು ಕಾರ್ಮಿಕರ ಆ ರೋಗಕ್ಕೆ ಪರಿಹಾರದ ಯೋಜನೆ ಬಂದದ್ದೇ 1943ರಲ್ಲಿ, ಈ ಗಣಿ ಮುಚ್ಚಿ ಹದಿನೈದು ವರ್ಷ ಆದ ಮೇಲೆ.

ಎರಡನೇ ಡಬ್ಬದ ಹಿಂಭಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ಚೀಟಿ ಇನ್ನೂ ಬಾಗಿಲಿಲ್ಲದೆ ಇವೆ. ಎಲ್ಲ ಲಾಡ್ಜರ್‌ಗಳದ್ದು. ಮೇಲೆ ಎಡಕ್ಕೆ ಖಾಲಿ. ಅವರ ಊರಿನ ಕಡೆಯ ಚರ್ಚ್ ರಿಜಿಸ್ಟರ್‌ಗಳನ್ನು ನೋಡಲು ಈ ಬೇಸಿಗೆಯಲ್ಲಿ ಪಶ್ಚಿಮ ವೇಲ್ಸ್‌ಗೆ ಹೊರಟಿದ್ದೇನೆ. ಬಸ್ಸು, ರೂಮು ಸೇರಿ ಒಂದು ವಾರಕ್ಕೆ 300 ಪೌಂಡ್ ಎತ್ತಿಟ್ಟಿದ್ದೇನೆ.