ಹೊಂಬೆನ್ನಿನ ಮರಕುಟಿಗವನ್ನು ನೋಡುವುದು ಹೇಗೆ?

ಲಾಲ್‌ಬಾಗ್, ಕಬ್ಬನ್ ಪಾರ್ಕ್ ಅಥವಾ ಹಳೆಯ ಮರಗಳು ಉಳಿದಿರುವ ಬೆಂಗಳೂರಿನ ಬಡಾವಣೆಗಳಲ್ಲಿ ಹೊಂಬೆನ್ನಿನ ಮರಕುಟಿಗವನ್ನು ನೋಡಬಯಸುವವರು ಬೆಳಗ್ಗೆ ಬೇಗ ಹೊರಟು, ಕಣ್ಣಿಗಿಂತ ಮೊದಲು ಕಿವಿಯನ್ನು ನೆಚ್ಚಿಕೊಳ್ಳಬೇಕು. ಮರದೊಳಗಿಂದ ಒಂದೇ ಸಮನೆ ಕೇಳುವ ‘ಟಕ್ ಟಕ್’ ಸದ್ದನ್ನು ಅನೇಕರು ಮರಕುಟಿಗದ್ದೆಂದು ಭಾವಿಸುತ್ತಾರೆ. ಅದು ಸಾಮಾನ್ಯವಾಗಿ ಕಂಚುಗಾರ ಹಕ್ಕಿಯ ಕೂಗು. ಮರಕುಟಿಗದ ಕೂಗು ಕುದುರೆಯ ಕೆನೆತವನ್ನು ನೆನಪಿಸುವಷ್ಟು ಬಿರುಸಾಗಿ, ಒಂದೇ ಉಸಿರಿನಲ್ಲಿ ಹರಿದುಬರುತ್ತದೆ.

ಕೂಗು ಬಂದ ದಿಕ್ಕಿನಲ್ಲಿ ಎಲೆಗಳ ನಡುವೆ ಹುಡುಕದೆ, ಕಾಂಡ ಮತ್ತು ದಪ್ಪ ಕೊಂಬೆಗಳ ಮೇಲೆ ಕಣ್ಣಾಡಿಸಿ. ಹಕ್ಕಿ ತೊಗಟೆಯನ್ನು ಹಿಡಿದು ಕುಪ್ಪಳಿಸುತ್ತಾ ಮೇಲೇರುತ್ತದೆ. ಮನುಷ್ಯರು ಹತ್ತಿರವಾದರೆ ಸದ್ದಿಲ್ಲದೆ ಕಾಂಡದ ಆಚೆ ಬದಿಗೆ ಸರಿಯುತ್ತದೆ. ಆಗ ಮರವನ್ನು ಸುತ್ತುಹಾಕದೆ ನಿಂತಲ್ಲೇ ನಿಂತರೆ, ಸ್ವಲ್ಪ ಹೊತ್ತಿನಲ್ಲಿ ಕೆಂಪು ಜುಟ್ಟು ಮತ್ತೆ ಇಣುಕುವುದುಂಟು.

ಹಕ್ಕಿಯ ಉದ್ದ 26ರಿಂದ 29 ಸೆಂಟಿಮೀಟರ್. ಬೆನ್ನು ಹೊನ್ನಿನ ಬಣ್ಣ, ಬಾಲದ ಬುಡ ಮತ್ತು ಗಂಟಲು ಕಪ್ಪು. ಗಂಡಿನ ನೆತ್ತಿಯೆಲ್ಲ ಕೆಂಪು. ಹೆಣ್ಣಿಗೆ ಜುಟ್ಟು ಮಾತ್ರ ಕೆಂಪಾಗಿದ್ದು, ಹಣೆಯ ಕಪ್ಪಿನ ಮೇಲೆ ಬಿಳಿ ಚುಕ್ಕೆಗಳಿರುತ್ತವೆ.

ಅದು ಒಣಕೊಂಬೆಗೆ ಬಂದಾಗ ದುರ್ಬೀನನ್ನು ಕೆಳಗಿಳಿಸಬೇಡಿ, ಏಕೆಂದರೆ ನನ್ನ ಮಟ್ಟಿಗೆ ಈ ಹಕ್ಕಿಯ ಬದುಕಿನ ಅತ್ಯಂತ ಸೊಗಸಾದ ಭಾಗ ಇದೇ. ಗಟ್ಟಿಯಾದ ಬಾಲದ ಗರಿಗಳನ್ನು ಕಾಂಡಕ್ಕೆ ಊರಿ ಮೂರನೆಯ ಕಾಲಿನಂತೆ ಬಳಸುತ್ತಾ ನಾಲ್ಕೈದು ಸಲ ಕುಕ್ಕಿ, ತಲೆಯನ್ನು ಓರೆಮಾಡಿ, ತೊಗಟೆಯ ಚೂರೊಂದನ್ನು ಕಿತ್ತೆಸೆದು, ಆ ಬಿರುಕಿಗೆ ಉದ್ದನೆಯ ನಾಲಿಗೆಯನ್ನು ಚಾಚಿ ಇರುವೆಗಳನ್ನೂ ಹುಳುಗಳನ್ನೂ ಹೊರಗೆಳೆಯುತ್ತದೆ. ಈ ನಾಲಿಗೆಗೆ ಆಧಾರವಾದ ಎಳೆಯಂಥ ಮೂಳೆಗಳು ತಲೆಬುರುಡೆಯ ಹಿಂದಿನಿಂದ ಬಳಸಿ ಬಂದಿರುತ್ತವೆ.

ಫೆಬ್ರವರಿಯಿಂದ ಜುಲೈವರೆಗೆ ಗೂಡು ಕೊರೆಯುವ ಕಾಲ. ಮರದ ಕೆಳಗೆ ಹೊಸ ಮರದ ಚಕ್ಕೆಗಳು ಚೆಲ್ಲಿದ್ದರೆ ತಲೆಯೆತ್ತಿ ಪೊಟರೆಯನ್ನು ಹುಡುಕಿ. ಸಿಕ್ಕರೆ ದೂರದಿಂದಲೇ ನೋಡಿ, ಫೋಟೊಗಾಗಿ ಬುಡಕ್ಕೆ ಹೋಗಲೇಬೇಡಿ. ಒಳಗೆ ಸಾಮಾನ್ಯವಾಗಿ 3 ಬಿಳಿ ಮೊಟ್ಟೆಗಳಿದ್ದು, ಸುಮಾರು 11 ದಿನಗಳ ಕಾವಿನ ನಂತರ ಮರಿಗಳು ಹೊರಬರುತ್ತವೆ. ಮರಕುಟಿಗ ಬಿಟ್ಟುಹೋದ ಪೊಟರೆಗೆ ಮೈನಾ, ಗಿಳಿ, ಮಡಿವಾಳ ಹಕ್ಕಿಗಳು ಬಂದು ಸೇರಿಕೊಳ್ಳುವುದರಿಂದ, ಅದೇ ಮರವನ್ನು ಮುಂದಿನ ವರ್ಷವೂ ನೋಡಿ, ಒಳಗಿಂದ ಇಣುಕುವ ತಲೆ ಯಾರದೆಂದು ಬರೆದಿಟ್ಟುಕೊಳ್ಳಿ.