ಗಂಡಭೇರುಂಡ ಹುಡುಕುತ್ತಾ ಇಬ್ಬರ ತಿರುಗಾಟ

ನಮ್ಮನೆಯವರು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಾನು ಶಿವಮೊಗ್ಗದ ನಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಅವರಿಗೆ ಹಬ್ಬದ ದಿನವೇ ಡ್ಯೂಟಿ ಜಾಸ್ತಿ, ನನಗೆ ಮದುವೆ ಸೀಸನ್ನಿನಲ್ಲಿ ತಲೆ ಎತ್ತಲು ಆಗುವುದಿಲ್ಲ. ಇಬ್ಬರೇ ಹೊರಟಿದ್ದೆಲ್ಲ ಹರಕೆಗೆ, ಇಲ್ಲವೇ ಮದುವೆ ಮುಂಜಿಗೆ. ಅವರು ರಿಟೈರ್ ಆದ ಮೇಲೆ ತಿಂಗಳಿಗೆ ಒಂದು ದಿನ ನಮ್ಮಿಬ್ಬರದು ಅಂತ ಎತ್ತಿಟ್ಟೆವು. ಆ ದಿನ ಹೊಲಿಗೆ ಮಿಷನ್ನಿಗೆ ಬಟ್ಟೆ ಮುಚ್ಚಿ ಬೆಳಗಿನ ಬಸ್ ಹತ್ತುವುದು.

ಮೊದಲ ಸಲ ಬಳ್ಳಿಗಾವಿಗೆ ಹೋದಾಗ ಅರ್ಧ ಗಂಟೆಯಲ್ಲಿ ಎಲ್ಲ ನೋಡಿ ಮುಗಿಸಿಬಿಟ್ಟಿದ್ದೆವು. ಚೆನ್ನಾಗಿದೆ, ಫೋಟೊ ತೆಗೆದಾಯಿತು, ಇನ್ನೇನು? ಹೊರಡುವಾಗ ಭೇರುಂಡೇಶ್ವರ ಕಂಬದ ಕೆಳಗೆ ನಿಂತು ಅವರು ಮೇಲೆ ನೋಡಿದರು. ‘ಮಾರಾಯ್ತಿ, ಇದು ನಮ್ಮ ಬಸ್ಸಿನ ಹಕ್ಕಿ ಅಲ್ವಾ!’ ಅಂದರು. ಹೌದು, ಅಷ್ಟು ವರ್ಷ ಬಸ್ಸಿನ ಮೈಮೇಲೆ ನೋಡಿದ ಅದೇ ಗಂಡಭೇರುಂಡ. ಆದರೆ ಇಲ್ಲಿ ಅದಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಕಂಬ ಸುಮಾರು 30 ಅಡಿ ಎತ್ತರ. 1047ರಲ್ಲಿ ಚಾಲುಕ್ಯರ ಕೈಕೆಳಗಿದ್ದ ಚಾಮುಂಡರಾಯರಸ ನಿಲ್ಲಿಸಿದ್ದು. ನಮ್ಮನೆಯವರು ಅಲ್ಲಿಂದ ಕದಲಲೇ ಇಲ್ಲ. ಬಸ್ ತಪ್ಪಿತು. ಆ ಮಧ್ಯಾಹ್ನದಿಂದ ನಮ್ಮ ತಿರುಗಾಟದ ರೀತಿಯೇ ಬೇರೆ ಆಯಿತು.

ನಿಮಗೂ ಹೇಳುವುದು ಇದನ್ನೇ. ಹೊರಡುವ ಮೊದಲು ಒಬ್ಬೊಬ್ಬರೂ ಹುಡುಕಲು ಒಂದು ವಸ್ತು ಆರಿಸಿಕೊಳ್ಳಿ. ನಿಮ್ಮ ಕೆಲಸಕ್ಕೆ, ನಿಮ್ಮ ಮನೆಗೆ ಸಂಬಂಧಪಟ್ಟದ್ದಾದರೆ ಒಳ್ಳೆಯದು. ಅವರದು ಗಂಡಭೇರುಂಡ. ನನ್ನದು ಉಡುಪು: ಸೀರೆಯ ನೆರಿಗೆ, ಡಾಬು, ತೋಳಬಂದಿ, ಅಂಚು. ನಮ್ಮ ಪಕ್ಕದ ಮನೆಯ ದಂಪತಿಯಲ್ಲಿ ಒಬ್ಬರು ಅಡುಗೆ ಪಾತ್ರೆ ಹುಡುಕುತ್ತಾರೆ, ಇನ್ನೊಬ್ಬರು ಕುದುರೆ. ಹುಡುಕಲು ಏನೋ ಇದೆ ಅಂದರೆ ಕಣ್ಣು ತಾನೇ ನಿಲ್ಲುತ್ತದೆ. ಸಿಕ್ಕಿದ್ದನ್ನು ಇನ್ನೊಬ್ಬರಿಗೆ ತೋರಿಸಲೇಬೇಕು ಅನ್ನಿಸುತ್ತದೆ. ಮಾತು ಅಲ್ಲಿಂದ ಶುರುವಾಗುತ್ತದೆ.

ಮೊದಲು ಊರಲ್ಲೇ ಓದು ಕಲಿಯಿರಿ

ದೂರ ಹೋಗುವ ಮೊದಲು ಶಿವಮೊಗ್ಗದ ಶಿವಪ್ಪನಾಯಕ ಅರಮನೆಗೆ ಒಂದು ಬೆಳಿಗ್ಗೆ ಕೊಡಿ. ಈಗ ಅದು ಸರ್ಕಾರಿ ಮ್ಯೂಸಿಯಂ, ಸೋಮವಾರ ಹೋಗಬೇಡಿ. ಮರದ ಕಂಬಗಳ ಅರಮನೆ ಚೆಂದ ಇದೆ. ಆದರೆ ನಾನು ಕಳಿಸುತ್ತಿರುವುದು ಅಂಗಳದಲ್ಲಿರುವ ಕಲ್ಲುಗಳಿಗಾಗಿ. ಸುತ್ತಮುತ್ತಲಿನ ಊರುಗಳ ವೀರಗಲ್ಲು, ಮಾಸ್ತಿಕಲ್ಲುಗಳು ಅಲ್ಲಿವೆ. ಜನ ಅವುಗಳನ್ನು ಸುಮ್ನೆ ದಾಟಿ ಒಳಗೆ ಹೋಗುತ್ತಾರೆ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಜಗಳ: ಕತ್ತಿ, ಬಿಲ್ಲು, ಕುದುರೆ. ದನ ಕಾಣಿಸಿದರೆ ತುರು ಕಾಯುವಾಗ ಸತ್ತವನು ಅಂತ ತಿಳಿಯಿರಿ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವರಿಬ್ಬರು ಇರುವ ತನಕ ಈ ಹೆಸರು ಇರಲಿ ಅಂತ. ಮಾಸ್ತಿಕಲ್ಲಿನಲ್ಲಿ ಒಂದು ಕೈ ಮೊಣಕೈಯಲ್ಲಿ ಮಡಚಿ ಮೇಲೆತ್ತಿರುತ್ತದೆ. ಆ ಕೈಯ ಬಳೆಗಳನ್ನು ನೋಡಿ. ಗಂಡ ಸತ್ತ ಮೇಲೂ ಬಳೆ ಒಡೆಯದೆ ಬೆಂಕಿಗೆ ಹೋದವಳು ಅನ್ನುವುದಕ್ಕೆ ಆ ಬಳೆಯೇ ಗುರುತು. ಒಂದು ಕಲ್ಲಿನ ಮುಂದೆ ನಾನು ಬಳೆ ಎಣಿಸುತ್ತಾ ನಿಂತೆ. ಅರ್ಧಕ್ಕೆ ಬಿಟ್ಟೆ, ಎಣಿಸಲು ಆಗಲಿಲ್ಲ. ಯಾರದೋ ಮನೆಯ ಹುಡುಗಿ ಅವಳು.

ಇಷ್ಟು ತಿಳಿದರೆ ಮಲೆನಾಡಿನ ಯಾವ ಊರ ದೇವಸ್ಥಾನದ ಹಿಂದೆ ಕಲ್ಲು ಬಿದ್ದಿದ್ದರೂ ನೀವೇ ಓದಿಕೊಳ್ಳಬಹುದು. ಗೈಡ್ ಬೇಕಿಲ್ಲ.

ಬಳ್ಳಿಗಾವಿ, ತಾಳಗುಂದ, ಬಂದಳಿಕೆ

ಮೊದಲ ದೊಡ್ಡ ತಿರುಗಾಟ ಇದೇ ಆಗಲಿ. ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ಶಿರಾಳಕೊಪ್ಪಕ್ಕೆ ಬಸ್ಸಿದೆ. ಬೆಳಿಗ್ಗೆ ಏಳಕ್ಕೆ ಮೊದಲೇ ಹತ್ತಿ. ಶಿರಾಳಕೊಪ್ಪದಲ್ಲಿ ಇಳಿದು ತಿಂಡಿ ತಿನ್ನಿ, ಶೌಚಾಲಯಕ್ಕೂ ಅಲ್ಲೇ ಹೋಗಿ ಬನ್ನಿ. ಹೆಂಗಸರು ಇದನ್ನು ಮರೆಯಬೇಡಿ, ಮುಂದೆ ಕಷ್ಟ ಆಗುತ್ತದೆ. ಅಲ್ಲಿಂದ ಬಳ್ಳಿಗಾವಿ ಎರಡೇ ಕಿಲೋಮೀಟರ್.

ಅಲ್ಲಮಪ್ರಭುವಿನ ಊರು ಇದು. ಅಕ್ಕಮಹಾದೇವಿಯ ಉಡುತಡಿಯೂ ಹತ್ತಿರವೇ. ಕೇದಾರೇಶ್ವರ ದೇವಸ್ಥಾನಕ್ಕೆ ಮೂರು ಗರ್ಭಗುಡಿ. ಒಳಗೆ ಕಾಲಿಟ್ಟ ಕೂಡಲೇ ಮೂರ್ತಿಯ ಕಡೆ ಓಡಬೇಡಿ. ಕಂಬದ ಹತ್ತಿರ ನಿಲ್ಲಿ. ತಿರುಗಣೆಯಲ್ಲಿ ಕಡೆದ ಬಳಪದ ಕಲ್ಲಿನ ಕಂಬ, ನಿಮ್ಮ ಮುಖದ ನೆರಳು ಅದರಲ್ಲಿ ಸರಿದಾಡುತ್ತದೆ. ಇಲ್ಲಿದ್ದ ಕೋಡಿಯಮಠದ ಬಗ್ಗೆ 1162ರ ಒಂದು ಶಾಸನ ಇದೆ. ವೇದ, ವ್ಯಾಕರಣ ಕಲಿಸುತ್ತಿದ್ದರು, ಹಸಿದವರಿಗೆ ಊಟ ಹಾಕುತ್ತಿದ್ದರು, ರೋಗಿಗಳಿಗೆ ಔಷಧಿ ಕೊಡುತ್ತಿದ್ದರು ಅಂತ ಅದರಲ್ಲಿ ಬರುತ್ತದೆ. ಈಗ ಸದ್ದಿಲ್ಲದ ಹಳ್ಳಿ. ಆಗ ಇಲ್ಲಿ ಪಾಠದ ಸದ್ದು ಎಷ್ಟಿತ್ತೋ!

ನನಗೆ ಜಾಸ್ತಿ ಹೊತ್ತು ಹಿಡಿದದ್ದು ತ್ರಿಪುರಾಂತಕೇಶ್ವರ. ಅಲ್ಲಿನ ಬಾಗಿಲವಾಡ ನೋಡಿದರೆ ರೇಷ್ಮೆ ಸೀರೆಯ ಅಂಚನ್ನು ಮಡಚಿ ಇಟ್ಟ ಹಾಗೆ. ಒಂದು ಪಟ್ಟಿಯಲ್ಲಿ ಬಳ್ಳಿ, ಪಕ್ಕದ್ದರಲ್ಲಿ ಹೂವು, ಅದರ ಪಕ್ಕ ಸಣ್ಣ ಸಣ್ಣ ಮನುಷ್ಯರು. ಎರಡು ಪಟ್ಟಿಯ ನಡುವೆ ತೆಳ್ಳನೆಯ ಒಂದು ಗೆರೆ. ನಾವು ಪೈಪಿಂಗ್ ಕೂರಿಸುತ್ತೇವಲ್ಲ, ಥೇಟ್ ಅದೇ. ಪೈಪಿಂಗ್ ಕೊಟ್ಟರೆ ಎರಡು ಬಣ್ಣ ಒಂದರೊಳಗೊಂದು ಕಲಸಿಹೋಗುವುದಿಲ್ಲ, ಬೇರೆಬೇರೆಯಾಗಿ ಎದ್ದು ಕಾಣುತ್ತದೆ. ಕಲ್ಲಿನಲ್ಲಿ ಆ ಕೆಲಸ ಮಾಡುವುದು ನೆರಳು. ಗೆರೆಯನ್ನು ಆಳವಾಗಿ ತೆಗೆದಿದ್ದಾರೆ, ನೆರಳು ಅಲ್ಲಿ ಕೂತು ಪಟ್ಟಿಗಳನ್ನು ಬಿಡಿಸಿ ತೋರಿಸುತ್ತದೆ. ಹಾಗಾಗಿ ಹತ್ತು ಗಂಟೆಯ ಒಳಗೆ, ಇಲ್ಲವೇ ನಾಲ್ಕರ ಮೇಲೆ ನೋಡಿ. ಬಿಸಿಲು ಓರೆಯಾಗಿ ಬೀಳಬೇಕು. ನೆತ್ತಿ ಬಿಸಿಲಿನಲ್ಲಿ ಕೆತ್ತನೆ ಎಲ್ಲ ಚಪ್ಪಟೆಯಾಗಿ ಕಾಣುತ್ತದೆ. ಜಾಲಂಧ್ರದ, ಅಂದರೆ ಕಲ್ಲಿನ ಜಾಲರಿಯ ತೂತುಗಳಿಂದ ಬೆಳಕು ಒಳಗೆ ಬರುವುದನ್ನೂ ನೋಡಿ. ತಳಭಾಗದಲ್ಲಿ ಪಂಚತಂತ್ರದ ಪ್ರಾಣಿ ಕಥೆಗಳಿವೆ, ಕೂತು ಹುಡುಕಿ.

ಬೇಲೂರಿನ ಮದನಿಕೆಯರ ಕೆಳಗೆ ಹೆಸರು ಕೆತ್ತಿಕೊಂಡ ದಾಸೋಜ, ಅವನ ಮಗ ಚಾವಣ ಇಬ್ಬರೂ ಬಳ್ಳಿಗಾವಿಯವರು. ಇದು ತಿಳಿದಾಗ ನನಗೆ ತುಂಬಾ ಖುಷಿಯಾಯಿತು. ಮಾಡಿದ ಕೆಲಸದ ಮೇಲೆ ತಮ್ಮ ಊರನ್ನೂ ಬರೆದು ಹೋಗಿದ್ದಾರೆ.

ತಾಳಗುಂದ ಇಲ್ಲಿಂದ ಐದಾರು ಕಿಲೋಮೀಟರ್. ಪ್ರಣವೇಶ್ವರ ದೇವಸ್ಥಾನದ ಮುಂದೆ ಎಂಟು ಮೂಲೆಯ ಕಂಬ. ಕದಂಬ ಮಯೂರಶರ್ಮ ಓದಲು ಕಂಚಿಗೆ ಹೋಗಿದ್ದು, ಅಲ್ಲಿ ಪಲ್ಲವರ ಕುದುರೆ ಸವಾರನಿಂದ ಅವಮಾನ ಆಗಿದ್ದು, ಕೋಪಕ್ಕೆ ಕತ್ತಿ ಹಿಡಿದಿದ್ದು ನಮಗೆ ತಿಳಿದಿರುವುದು ಈ ಕಂಬದಿಂದಲೇ. ಸಂಸ್ಕೃತ ಪದ್ಯ, ಬರೆದ ಕವಿ ಕುಬ್ಜ, ಕಾಲ ಐದನೇ ಶತಮಾನ. ಅಕ್ಷರ ನಮ್ಮ ಹಾಗೆ ಅಡ್ಡ ಸಾಗುವುದಿಲ್ಲ, ಕಂಬದ ಬುಡದಿಂದ ಮೇಲಕ್ಕೆ ಹತ್ತುತ್ತದೆ. ಕತ್ತನ್ನು ಓರೆ ಮಾಡಿ ನೋಡಿ. ಇಬ್ಬರೂ ಒಟ್ಟಿಗೆ ಕತ್ತು ಓರೆ ಮಾಡಿ ನಿಂತಿದ್ದು ನನಗೆ ಚೆನ್ನಾಗಿ ನೆನಪಿದೆ.

ಸಮಯ ಉಳಿದರೆ ಬಂದಳಿಕೆ. ಗಿಡಮರದ ನಡುವೆ ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ ಗುಡಿ, ಸೋಮೇಶ್ವರ. ಜನ ಇರುವುದಿಲ್ಲ. ಇಲ್ಲಿನ ಶಾಸನ ಜಕ್ಕಿಯಬ್ಬೆಯ ಕಥೆ ಹೇಳುತ್ತದೆ. ರಾಷ್ಟ್ರಕೂಟರ ಕಾಲ. ಗಂಡ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತು ಅನ್ನುವ, ಎಪ್ಪತ್ತು ಊರುಗಳ ನಾಡಿನ ಆಡಳಿತ ಅವಳ ಕೈಗೆ ಬಂತು. ಚೆನ್ನಾಗಿ ನಡೆಸಿದಳು. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, 918ರಲ್ಲಿ ಇದೇ ಊರಿನ ಬಸದಿಗೆ ಬಂದು ಸಲ್ಲೇಖನ, ಅಂದರೆ ಉಪವಾಸದಿಂದ ಪ್ರಾಣ ಬಿಡುವ ಜೈನರ ವ್ರತ ತೆಗೆದುಕೊಂಡಳು. ಮಗಳಿಗೆ! ನಾನು ಇದನ್ನು ಎರಡು ಸಲ ಓದಿಸಿ ಕೇಳಿದೆ. ಮಾಸ್ತಿಕಲ್ಲಿನ ಬಳೆ ನೋಡಿ ಬಂದ ಮೇಲೆ ಈ ಊರಿಗೆ ಬರಬೇಕು. ಆ ಕ್ರಮದಲ್ಲೇ ನೋಡಿ.

ಕವಲೇದುರ್ಗಕ್ಕೆ ಮಳೆಗಾಲದಲ್ಲಿ ಬೇಡ

ತೀರ್ಥಹಳ್ಳಿ ರಸ್ತೆಯ ದಿನಕ್ಕೆ ಬೈಕ್ ಅಥವಾ ಕಾರು ಬೇಕು. ಬೆಳಿಗ್ಗೆ ಸಕ್ರೆಬೈಲಿನಲ್ಲಿ ಆನೆಗಳು ತುಂಗೆಯ ಹಿನ್ನೀರಿನಲ್ಲಿ ಮಲಗಿ ಮೈ ತಿಕ್ಕಿಸಿಕೊಳ್ಳುತ್ತವೆ. ಎಂಟೂವರೆಗೆ ಅಲ್ಲಿರಿ. ಮುಂದೆ ಮಂಡಗದ್ದೆಯಲ್ಲಿ ರಸ್ತೆ ಪಕ್ಕವೇ ನಿಂತರೆ ಸಾಕು, ನದಿ ನಡುವಿನ ಮರಗಳ ತುಂಬ ಹಕ್ಕಿ ಗೂಡು. ಆದರೆ ಹಕ್ಕಿ ಇರುವುದು ಮಳೆಗಾಲದಲ್ಲಿ, ತೀರ್ಥಹಳ್ಳಿ ಕಡೆಯ ಕವಲೇದುರ್ಗದ ಕೋಟೆ ಹತ್ತಬೇಕಾದದ್ದು ಮಳೆ ನಿಂತ ಮೇಲೆ. ಎರಡೂ ಸಿಗಬೇಕು ಅಂದರೆ ಅಕ್ಟೋಬರ್ ನೋಡಿ.

ನಾವು ಜುಲೈನಲ್ಲಿ ಹತ್ತಿ ತಪ್ಪು ಮಾಡಿದೆವು. ಹಾಸುಗಲ್ಲಿನ ದಾರಿ ಪಾಚಿ ಕಟ್ಟಿತ್ತು. ಎರಡನೇ ಬಾಗಿಲಿನ ಹತ್ತಿರ ಅವರು ಜಾರಿ ಬಿದ್ದರು. ಪಾದ ಉಳುಕಿತು, ಇಳಿಯಲು ಎರಡು ಗಂಟೆ ಹಿಡಿಯಿತು. ಉಂಬಳ ಬೇರೆ. ಚಪ್ಪಲಿಯ ಪಟ್ಟಿಯ ಅಡಿಯಲ್ಲಿ ನಾಲ್ಕು ಕೂತಿದ್ದವು. ಉಂಬಳ ಹತ್ತಿದರೆ ಕಿತ್ತು ಎಳೆಯಬೇಡಿ, ಉಪ್ಪು ಹಾಕಿ, ತಾನೇ ಬಿಡುತ್ತದೆ. ಉಪ್ಪಿನ ಪೊಟ್ಟಣ ಸೆರಗಿನ ತುದಿಗೆ ಕಟ್ಟಿಕೊಂಡರೆ ಕೈಗೆ ಬೇಗ ಸಿಗುತ್ತದೆ.

ಜನವರಿಯಲ್ಲಿ ಮತ್ತೆ ಹೋದೆವು. ಗದ್ದೆ ಬದಿಯಲ್ಲಿ ನಡೆದು ಹತ್ತಲು ಶುರು ಮಾಡಬೇಕು. ಒಂದರ ಮೇಲೊಂದು ಮೂರು ಸುತ್ತಿನ ಗೋಡೆ. ಕಾಶಿ ವಿಶ್ವನಾಥ ದೇವಸ್ಥಾನ ದಾಟಿದರೆ ಕೆಳದಿ ಅರಸರ ಅರಮನೆಯ ತಳಪಾಯ. ಗೋಡೆ ಹೋಗಿದೆ, ಮನೆ ಉಳಿದಿದೆ ಅನ್ನಬಹುದು. ದೇವರ ಕೋಣೆ, ಕಲ್ಲಿನ ಕಟ್ಟೆಯ ಅಡುಗೆಮನೆ, ಒಲೆ, ನೀರು ಹರಿಯಲು ಕಾಲುವೆ ಮಾಡಿದ ಬಚ್ಚಲು. ನಾನು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಎತ್ತರ ಸರಿಯಾಗಿದೆ. ಕೂತಲ್ಲಿಂದ ಕೈ ನೀರಿನ ಕಡೆಗೂ ಹೋಗುತ್ತದೆ. ಅಡುಗೆ ಮಾಡುವವರನ್ನು ಕೇಳಿಯೇ ಕಟ್ಟಿಸಿದ್ದಾರೆ ಅಂತ ನನಗೆ ಅನ್ನಿಸಿತು. ಮೇಲೆ ತಿನ್ನಲು ಏನೂ ಸಿಗುವುದಿಲ್ಲ, ಬುತ್ತಿ ಬೇಕೇ ಬೇಕು. ನಾವು ಅಕ್ಕಿರೊಟ್ಟಿ, ಚಟ್ನಿಪುಡಿ, ಮೊಸರನ್ನ, ಮಿಡಿ ಉಪ್ಪಿನಕಾಯಿ ಒಯ್ಯುತ್ತೇವೆ.

ಸಾಗರದ ಕಡೆ ರೈಲಿನಲ್ಲಿ

ತಾಳಗುಪ್ಪಕ್ಕೆ ಹೋಗುವ ರೈಲು ಹತ್ತಿ ಸಾಗರ ಜಂಬಗಾರಿನಲ್ಲಿ ಇಳಿಯಿರಿ. ಕಾಡಿನ ನಡುವಿನ ಆ ಪ್ರಯಾಣವೇ ಅರ್ಧ ಪ್ರವಾಸ. ಆಟೋ ಮಾಡಿ ಇಕ್ಕೇರಿ, ಕೆಳದಿ ಎರಡೂ ನೋಡಬಹುದು. ಇಕ್ಕೇರಿಯ ಅಘೋರೇಶ್ವರನ ಮುಂದೆ ನಡೆಯುವಾಗ ಕೆಳಗೆ ನೋಡಿಕೊಂಡು ಹೆಜ್ಜೆ ಇಡಿ. ನೆಲದಲ್ಲಿ ಅರಸರು ಅಡ್ಡಬಿದ್ದು ನಮಸ್ಕಾರ ಮಾಡುತ್ತಿರುವ ಚಿತ್ರಗಳಿವೆ. ಕೆಳದಿಯಲ್ಲಿ ಮಾತ್ರ ಮೇಲೆ ನೋಡಬೇಕು. ವೀರಭದ್ರ ದೇವಸ್ಥಾನದ ಒಳಛಾವಣಿಯಲ್ಲಿ ಆನೆ, ಸಿಂಹಗಳನ್ನು ಹಿಡಿದ ಗಂಡಭೇರುಂಡ ಇದೆ. ನಮ್ಮನೆಯವರು ಟವೆಲ್ ಹಾಸಿ ನೆಲದ ಮೇಲೆ ಅಂಗಾತ ಮಲಗಿ ನೋಡಿದರು, ಪೂಜೆಯವರ ಒಪ್ಪಿಗೆ ಕೇಳಿಯೇ. ಕುತ್ತಿಗೆ ನೋಯದೆ ನೋಡಲು ಅದೇ ಸರಿ. ಪಾರ್ವತಿ ಗುಡಿಯ ಮರದ ಕೆತ್ತನೆಯ ಛಾವಣಿ ಬಿಡಬೇಡಿ. ಊರಲ್ಲಿ ಮ್ಯೂಸಿಯಂ ಕೂಡ ಇದೆ.

ಇನ್ನು ಕೆಲವು ಅಪರೂಪದವು. ಹೊಸನಗರ ತಾಲ್ಲೂಕಿನ ನಿಲಸ್ಕಲ್ಲು ಮತ್ತು ಬೈಸೆಯಲ್ಲಿ ದೇವಸ್ಥಾನ ಇಲ್ಲ, ಕೆತ್ತನೆ ಇಲ್ಲ. ಬಯಲಿನಲ್ಲಿ ಎದ್ದು ನಿಂತ ಕಲ್ಲುಗಳು, ಅಷ್ಟೇ. ಬೃಹತ್ ಶಿಲಾಯುಗದ, ಅಂದರೆ ದೊಡ್ಡ ಕಲ್ಲು ನಿಲ್ಲಿಸುತ್ತಿದ್ದ ಕಾಲದ ಬಹಳ ಹಿಂದಿನ ಜನ ನಿಲ್ಲಿಸಿದ್ದು. ಜೂನ್, ಡಿಸೆಂಬರಿನ 21ರ ಆಸುಪಾಸಿನ ಸೂರ್ಯನ ಹುಟ್ಟು, ಮುಳುಗುವಿಕೆಗೆ ಇವುಗಳ ಜೋಡಣೆ ಹೊಂದುತ್ತದೆ ಅಂತ ಅಧ್ಯಯನ ಮಾಡಿದವರು ತೋರಿಸಿದ್ದಾರೆ. ಡಿಸೆಂಬರಿನಲ್ಲಿ ಹೋಗಿ, ಜೂನ್‌ನಲ್ಲಿ ನಮ್ಮ ಕಡೆ ಸೂರ್ಯ ಎಲ್ಲಿ ಕಾಣಬೇಕು! ಇನ್ನೊಂದು ಮಡೆನೂರು ಅಣೆಕಟ್ಟು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ನೀರಿನಲ್ಲಿ ಮುಳುಗಿದ ಹಳೆಯ ಕಟ್ಟೆ. ಕಡು ಬೇಸಿಗೆಯಲ್ಲಿ ಹಿನ್ನೀರು ತುಂಬಾ ಇಳಿದ ವರ್ಷ ಮಾತ್ರ ಎದ್ದು ಕಾಣುತ್ತದೆ. ಸ್ಥಳೀಯರನ್ನು ಕರೆದುಕೊಂಡೇ ಹೋಗಿ, ಕೆಸರಿನಲ್ಲಿ ಕಾಲು ಹೂತುಹೋಗುತ್ತದೆ.

ಚೀಲದಲ್ಲಿ ಏನಿರಬೇಕು

ಟಾರ್ಚ್ ಇರಲಿ. ಸವೆದ ಅಕ್ಷರಕ್ಕೆ ನೇರ ಬೆಳಕು ಬಿಡಬೇಡಿ, ಕಲ್ಲಿನ ಪಕ್ಕದಿಂದ ಅಡ್ಡ ಹಿಡಿಯಿರಿ. ಇದ್ದಕ್ಕಿದ್ದಂತೆ ಅಕ್ಷರ ಎದ್ದು ಬರುತ್ತದೆ. ಸೀಮೆಸುಣ್ಣ, ಕುಂಕುಮ, ಎಣ್ಣೆ ಹಚ್ಚಿ ಓದಲು ಹೋಗಬೇಡಿ, ಸಾವಿರ ವರ್ಷ ಉಳಿದದ್ದು ನಮ್ಮ ಕೈಯಿಂದ ಹಾಳಾಗಬಾರದು. ದಪ್ಪ ಕಾಲುಚೀಲ ಬೇಕು. ಏಪ್ರಿಲ್ ಮಧ್ಯಾಹ್ನ ಹಾಸುಗಲ್ಲು ಕಾದ ಕಾವಲಿ. ಒಂದು ಸಣ್ಣ ನೋಟ್‌ಬುಕ್ ಕೂಡ. ನಾನು ಅದರಲ್ಲಿ ಅಂಚು, ಕೊರಳಿನ ವಿನ್ಯಾಸ ಬರೆದುಕೊಳ್ಳುತ್ತೇನೆ. ತ್ರಿಪುರಾಂತಕದ ಬಳ್ಳಿಯನ್ನು ಒಂದು ಮದುವೆ ಬ್ಲೌಸಿನ ತೋಳಿಗೆ ಹಾಕಿದೆ. ಮದುಮಗಳು ಕೇಳಿದಾಗ ಅದು ಎಲ್ಲಿಯದು ಅಂತ ಹೇಳಿದೆ, ಅವರಿಬ್ಬರೂ ಹೋಗಿ ನೋಡಿ ಬಂದರು.

ಬಂದಳಿಕೆಯ ವಿಷಯ ಒಂದು ಬಾಕಿ. ಶಿರಾಳಕೊಪ್ಪದಲ್ಲಿ ಆಟೋ ಮಾಡುವಾಗಲೇ ವಾಪಸ್ ಬರುವ ಮಾತು, ಕಾಯುವ ದುಡ್ಡು ಎರಡನ್ನೂ ಮಾತಾಡಿಕೊಳ್ಳಿ. ಸಂಜೆ ಅಲ್ಲಿಂದ ಗಾಡಿ ಸಿಗುವುದು ಕಷ್ಟ. ಅಲ್ಲಿ ಕಾಲು ಗಂಟೆ ಸಾಕು ಅಂತ ಆಟೋದವರು ಹೇಳುತ್ತಾರೆ. ನೀವು ಎರಡು ಗಂಟೆ ಕೇಳಿ.