ದವಡೆಗೆ ಚಿಕಿತ್ಸೆ, ಕಷ್ಟವೆಲ್ಲ ಕಿವಿಯದ್ದು

ಹೈಪರ್‌ಬಾರಿಕ್ ಚೇಂಬರ್‌ನಲ್ಲಿ, ಅಂದರೆ ಗಾಳಿಯ ಒತ್ತಡ ಏರಿಸಿ ಆಮ್ಲಜನಕ ಕೊಡುವ ಮುಚ್ಚಿದ ಕೋಣೆಯಲ್ಲಿ, ರೋಗಿಗಳ ಜೊತೆ ಒಳಗೆ ಕೂರುವುದು ನನ್ನ ಕೆಲಸ. ಬಾಯಿ ಕ್ಯಾನ್ಸರ್‌ಗೆ ರೇಡಿಯೇಷನ್ ಆದವರು ಬರುತ್ತಾರೆ. ಸುಮಾರು ಜನರದ್ದು ಗುಟ್ಕಾ, ಹೊಗೆಸೊಪ್ಪಿನ ಕಥೆ. ಕ್ಯಾನ್ಸರ್ ವಾಸಿಯಾಗಿರುತ್ತದೆ. ಆದರೆ ವರ್ಷಗಳ ನಂತರ ಹಲ್ಲು ಕೀಳಿಸಿದ ಜಾಗ ಮಾಯುವುದೇ ಇಲ್ಲ, ಕೆಳದವಡೆಯ ಮೂಳೆ ಹೊರಗೆ ಕಾಣುತ್ತದೆ. ರೇಡಿಯೇಷನ್‌ಗೆ ಸಣ್ಣ ರಕ್ತನಾಳಗಳು ಹಾಳಾಗಿ ಮೂಳೆಗೆ ಆಮ್ಲಜನಕ ಸಾಲದಾಗಿರುತ್ತದೆ.

ಒಳಗೆ ಬಿಡುವ ಮೊದಲು ತಲೆಗೂದಲು ನೋಡುತ್ತೇನೆ. ಕೊಬ್ಬರಿ ಎಣ್ಣೆ ಹಚ್ಚಿದ್ದರೆ ತೊಳೆದುಕೊಂಡು ಬರಬೇಕು. ಆಮ್ಲಜನಕ ಜಾಸ್ತಿ ಇರುವಲ್ಲಿ ಎಣ್ಣೆಗೆ ಬೆಂಕಿ ಹತ್ತುವುದು ಸುಲಭ. ಮೊಬೈಲ್, ಬೆಂಕಿಪೊಟ್ಟಣ, ಸಿಂಥೆಟಿಕ್ ಸೀರೆ ಎಲ್ಲ ಹೊರಗೆ.

ಒತ್ತಡವನ್ನು ಮಾಮೂಲಿಯ 2.4 ಪಟ್ಟಿಗೆ ಏರಿಸುತ್ತೇವೆ. ಸಮುದ್ರದಲ್ಲಿ 14 ಮೀಟರ್ ಇಳಿದಷ್ಟು. ಕಿವಿ ಕಟ್ಟುತ್ತದೆ. ಬೇರೆ ರೋಗಿಗಳಿಗೆ ‘ಎಂಜಲು ನುಂಗಿ, ಆಕಳಿಸಿ’ ಎಂದರೆ ಸಾಕು. ಇವರಿಗೆ ಎಂಜಲೇ ಇರುವುದಿಲ್ಲ, ಬಾಯಿ ಒಣಗಿ ಹೋಗಿರುತ್ತದೆ. ಎರಡು ಬೆರಳಷ್ಟೂ ಬಾಯಿ ತೆರೆಯದವರು ಆಕಳಿಸುವುದು ಹೇಗೆ? ಅದಕ್ಕೇ ಕೈಗೆ ನೀರಿನ ಬಾಟಲಿ ಕೊಡುತ್ತೇನೆ, ಗುಟುಕು ಗುಟುಕಾಗಿ ಕುಡಿಯಲಿ ಎಂದು. ಮೂಗು ಹಿಡಿದು ಮೆಲ್ಲಗೆ ಊದುವುದನ್ನು ಹಿಂದಿನ ದಿನವೇ ಕಲಿಸುತ್ತೇನೆ. ‘ನೋವು ತಡ್ಕೋಬೇಡಿ ಅಜ್ಜಾ, ಕೈ ಎತ್ತಿ’ ಎನ್ನುತ್ತೇನೆ. ಕೈ ಎತ್ತಿದ ಕೂಡಲೇ ಹೊರಗಿನ ಆಪರೇಟರ್ ಒತ್ತಡ ನಿಲ್ಲಿಸಿ, ಸ್ವಲ್ಪ ಇಳಿಸುತ್ತಾರೆ. ಅದಕ್ಕೂ ಬಗ್ಗದ ಕಿವಿಗೆ ಇಎನ್‌ಟಿ ಡಾಕ್ಟರು ಗ್ರೋಮೆಟ್, ಅಂದರೆ ಕಿವಿತಮಟೆಯಲ್ಲಿ ಕೂರಿಸುವ ಪುಟ್ಟ ನಳಿಕೆ, ಹಾಕುತ್ತಾರೆ. ಆಮ್ಲಜನಕದ ಮಾಸ್ಕ್ ದವಡೆಗೆ ಒತ್ತಿ ನೋಯಿಸುತ್ತದೆ, ನನ್ನ ಆಯ್ಕೆ ಯಾವಾಗಲೂ ತಲೆ ಪೂರ್ತಿ ಮುಚ್ಚುವ ಹುಡ್.

ಆಮೇಲೆ 90 ನಿಮಿಷ ಆಮ್ಲಜನಕ, ನಡುನಡುವೆ ಮಾಮೂಲಿ ಗಾಳಿ. ಸುಮ್ನೆ ಕೂರುವುದೇ ಬೇಜಾರು. ಅಮೆರಿಕದ ಸರ್ಜನ್ ರಾಬರ್ಟ್ ಮಾರ್ಕ್ಸ್ ಅವರ ಕ್ರಮದಲ್ಲಿ ಆಪರೇಷನ್‌ಗೆ ಮೊದಲು 30 ಸಲ, ನಂತರ 10 ಸಲ.

ಸತ್ತ ಮೂಳೆಗೆ ಇದರಿಂದ ಜೀವ ಬರುವುದಿಲ್ಲ, ಅದನ್ನು ಸರ್ಜನ್ನೇ ತೆಗೆಯಬೇಕು. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಹೋಪಾನ್ ಅಧ್ಯಯನದಲ್ಲಂತೂ, ದವಡೆಯ ಆಪರೇಷನ್‌ಗೆ ಮುಂಜಾಗ್ರತೆಯಾಗಿ ಇದನ್ನು ಕೊಟ್ಟವರಿಗೂ ಕೊಡದವರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಹೀಗಾಗಿ ‘ಎಲ್ಲರಿಗೂ ಬೇಕಾ?’ ಎಂದು ಕೇಳುವವರನ್ನು ನಾನು ಸರ್ಜನ್ ಹತ್ತಿರವೇ ಕಳಿಸುತ್ತೇನೆ.

ಇನ್ನೊಂದು, ಕೆಲವು ವಾರಗಳಾದ ಮೇಲೆ ಕೆಲವರಿಗೆ ದೂರದ್ದು ಮಸುಕಾಗುತ್ತದೆ. ಹೊಸ ಕನ್ನಡಕ ಮಾಡಿಸಲು ಓಡಬೇಡಿ. ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ.